ಕೆಸರು ನೆಲವಾಗುವುದು ಯಾವಾಗ?



ಗಣಿಗಾರಿಕೆಯ ಸ್ವಚ್ಛ ತಂತ್ರಜ್ಞಾನ ಕುರಿತ ಈ ವಿಚಾರ ಸಂಕಿರಣ ನಮ್ಮ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಡೆಯುತ್ತಿರುವುದು ನನಗೆ ತುಂಬ ಸಂತೋಷ ತಂದಿದೆ. ಇಲ್ಲಿ ಗಣಿ ಇಲ್ಲ, ನಿಜ. ಆದರೆ ವಾಲ್ವು, ಎರಕದ ಸಾಮಾನು, ಯಂತ್ರದ ಬಿಡಿಭಾಗ ಮಾಡುವ ಪಳಗಿದ ಕೈಗಳು ಈ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿವೆ. ಗಣಿಯ ದೂಳೂ ಈ ಊರಿಗೆ ಹೊಸದಲ್ಲ. 2011ಕ್ಕೆ ಮೊದಲಿನ ಆ ವರ್ಷಗಳಲ್ಲಿ ಹೊಸಪೇಟೆಯಿಂದ ಅಂಕೋಲಾ ಕಡೆಗೆ ಹೋಗುವ ಅದಿರು ಲಾರಿಗಳ ಸಾಲು ಹುಬ್ಬಳ್ಳಿಯನ್ನು ದಾಟಿಯೇ ಅರಬೈಲು ಘಟ್ಟ ಇಳಿಯುತ್ತಿತ್ತು. ಆ ಲಾರಿಗಳ ಹಿಂದಿದ್ದ ಅಕ್ರಮವನ್ನು 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದಿಟ್ಟಿದ್ದು ಪಕ್ಕದ ಧಾರವಾಡದ ಸಮಾಜ ಪರಿವರ್ತನ ಸಮುದಾಯ. 2011ರ ಜುಲೈ 29ರಂದು ಆ ಕೋರ್ಟಿನ ಆದೇಶದಿಂದ ಬಳ್ಳಾರಿ ಜಿಲ್ಲೆಯ ಗಣಿಗಳು ನಿಂತವು. ಈ ಅವಳಿ ನಗರಕ್ಕೆ ಗಣಿಯ ಬಗ್ಗೆ ಮಾತಾಡುವ ಹಕ್ಕು ಹೀಗೆ ಬಂದಿದೆ.

ಆಶಯ ಭಾಷಣದಲ್ಲಿ ಈವರೆಗಿನ ಸಂಶೋಧನೆಯನ್ನೆಲ್ಲ ಸಮೀಕ್ಷೆ ಮಾಡಬೇಕೆಂಬ ಪದ್ಧತಿಯಿದೆ. ಆ ಸಂಶೋಧನೆ ಮಾಡಿದವರೇ ಎದುರಿಗೆ ಕುಳಿತಿದ್ದೀರಿ. ಕೆಸರನ್ನು ಗಟ್ಟಿಮಾಡುವ ಥಿಕ್ನರ್ ತೊಟ್ಟಿಯ ವಿನ್ಯಾಸದ ಮೇಲೆ ಸುರತ್ಕಲ್‌ನ ಗೆಳೆಯರು ಮಾಡಿದ ಕೆಲಸವನ್ನಾಗಲಿ, ಸಂಡೂರಿನ ಅದಿರನ್ನು ಕಣ ಕಣವಾಗಿ ಬಲ್ಲ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರದ ಅಧ್ಯಾಪಕರ ಕೆಲಸವನ್ನಾಗಲಿ ನಾನು ಎರಡು ವಾಕ್ಯದಲ್ಲಿ ಹೇಳಿದರೆ ಅವರಿಗೆ ಅನ್ಯಾಯವಾಗುತ್ತದೆ. ಅವರ ಪ್ರಬಂಧಗಳನ್ನು ಅವರ ಬಾಯಿಂದಲೇ ಕೇಳೋಣ. ನನಗೆ ಕೊಟ್ಟ ಸಮಯವನ್ನು ಬಹುಕಾಲದಿಂದ ನನ್ನನ್ನು ಬಿಡದೆ ಕಾಡುತ್ತಿರುವ ಒಂದೇ ಪ್ರಶ್ನೆಗೆ ಮೀಸಲಿಡುತ್ತೇನೆ.

ಆ ಪ್ರಶ್ನೆ ನನ್ನದಲ್ಲ, ಒಬ್ಬ ದನಗಾಹಿಯದು. ವಿದ್ಯಾರ್ಥಿಗಳನ್ನು ಕರೆದುಕೊಂಡು ಸಂಡೂರಿನ ಕಡೆ ಒಂದು ಕೆಸರುಕಟ್ಟೆ ನೋಡಲು ಹೋಗಿದ್ದೆ. ಅದಿರನ್ನು ತೊಳೆದು ಉಳಿದ ಕೆಂಪು ಸ್ಲೈಮ್ ಪೈಪಿನಿಂದ ಬಂದು ಅಲ್ಲಿ ತುಂಬುತ್ತಿತ್ತು. ಮೇಲೆ ಒಣಗಿ ಬಿರುಕುಬಿಟ್ಟ ಹೆಪ್ಪು. ಒಬ್ಬ ಹುಡುಗ ಬೊಗಸೆಯಗಲದ ಕಲ್ಲೊಂದನ್ನು ಎಸೆದ. ಹೆಪ್ಪು ಒಡೆಯಿತು, ಕಲ್ಲು ಸದ್ದಿಲ್ಲದೆ ಒಳಗಿಳಿಯಿತು, ತೂತಿನಿಂದ ಕೆಂಪು ರಾಡಿ ನಿಧಾನಕ್ಕೆ ಮೇಲೆದ್ದು ಅಂಚಿಗೆ ಹರಡಿತು. ದಂಡೆಯ ಮೇಲೆ ದನ ಕಾಯುತ್ತಿದ್ದ ಹಿರಿಯರು ನಮ್ಮ ಹತ್ತಿರ ಬಂದು, "ಇದರ ಮ್ಯಾಲೆ ದನ ಯಾವಾಗ ಅಡ್ಡಾಡ್ತಾವ್ರೀ ಸಾಹೇಬ್ರ?" ಎಂದು ಕೇಳಿದರು. ಕಣದ ಗಾತ್ರ, ಸಾಂದ್ರತೆ, ರಾಸಾಯನಿಕ ಸಂಯೋಜನೆ ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿದ್ದವು. ಅವರು ಕೇಳಿದ್ದಕ್ಕೆ ಉತ್ತರ ಮಾತ್ರ ಇರಲಿಲ್ಲ.

ಇದೇ ಪ್ರಶ್ನೆಯನ್ನು ಜಗತ್ತಿನ ಅತಿ ದೊಡ್ಡ ಕೆಸರುರಾಶಿಗಳಲ್ಲೊಂದರ ಮುಂದೆ ಇಟ್ಟು ನೋಡಿ. ಕೆನಡಾದ ಆಲ್ಬರ್ಟಾದಲ್ಲಿ ಎಣ್ಣೆ ಮರಳಿನ ಗಣಿಗಾರಿಕೆ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 1967ರಲ್ಲಿ. ಮರಳನ್ನು ಅಗೆದು, ಬಿಸಿನೀರಿನಲ್ಲಿ ಕಲಕಿ, ತೇಲಿಬರುವ ಬಿಟುಮೆನ್ ತೆಗೆಯುತ್ತಾರೆ. ಉಳಿದದ್ದರಲ್ಲಿ ಮರಳು ಬೇಗ ತಳ ಸೇರುತ್ತದೆ. ಜೇಡಿಮಣ್ಣಿನ ಅತಿಸಣ್ಣ ಕಣಗಳು ಸೇರುವುದಿಲ್ಲ. ಕೆಲವು ವರ್ಷಗಳಲ್ಲಿ ಆ ಕೆಸರು ಶೇಕಡಾ 30ರಷ್ಟು ಘನಾಂಶಕ್ಕೆ ಬಂದು ಅಲ್ಲೇ ನಿಂತುಬಿಡುತ್ತದೆ, ಮುಂದಿನ ದಶಕಗಳಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಹೀಗೆ ದ್ರವವಾಗಿಯೇ ಉಳಿದ ಕೆಸರು ಇಂದು 130 ಕೋಟಿ ಘನ ಮೀಟರಿಗೂ ಹೆಚ್ಚು. ನಮ್ಮ ಲೆಕ್ಕದಲ್ಲಿ ಸುಮಾರು 46 ಟಿಎಂಸಿ. ಈ ಸಭಾಂಗಣದ ನಲ್ಲಿಗೆ ನೀರು ಬರುವ ಮಲಪ್ರಭೆಯ ನವಿಲುತೀರ್ಥ ಜಲಾಶಯ ತುಂಬಿ ನಿಂತರೂ 37 ಟಿಎಂಸಿ ಚಿಲ್ಲರೆ.

ಅಲ್ಲಿಯ ವಿಜ್ಞಾನಿಗಳು ಕೈಕಟ್ಟಿ ಕುಳಿತವರಲ್ಲ. ಪಾಲಿಮರ್ ಹಾಕಿದರು, ಸೆಂಟ್ರಿಫ್ಯೂಜ್ ಇಟ್ಟರು, ತೆಳುವಾಗಿ ಹರಡಿ ಚಳಿಗೆ ಹೆಪ್ಪುಗಟ್ಟಿಸಿ ಕರಗಿಸಿದರು. 2009ರಲ್ಲಿ ಅಲ್ಲಿಯ ನಿಯಂತ್ರಣ ಸಂಸ್ಥೆ ಡೈರೆಕ್ಟಿವ್ 074 ಎಂಬ ಕಟ್ಟುನಿಟ್ಟಿನ ನಿಯಮ ತಂದಿತು. ಕಂಪನಿಗಳು ಗುರಿ ಮುಟ್ಟಲಿಲ್ಲ, 2015ರಲ್ಲಿ ಆ ನಿಯಮವನ್ನೇ ಕೈಬಿಡಲಾಯಿತು. 2010ರಲ್ಲಿ ಸನ್‌ಕೋರ್ ಕಂಪನಿ ತನ್ನ ಮೊದಲ ಕೆಸರುಕೆರೆಯನ್ನು ಮುಚ್ಚಿ ಗಿಡ ನೆಟ್ಟು, ವಾಪಿಸಿವ್ ಲುಕೌಟ್ ಎಂದು ಹೆಸರಿಟ್ಟಿತು. ಆ ನೆಲ ನಿಜವಾದ ನೆಲ, ಅದರ ಮೇಲೆ ಓಡಾಡಬಹುದು. ಆದರೆ ಅದನ್ನು ನೆಲ ಮಾಡುವ ಮೊದಲು ಅಲ್ಲಿದ್ದ ದ್ರವ ಕೆಸರನ್ನು ಪಂಪ್ ಮಾಡಿ ಬೇರೆ ಕೆರೆಗೆ ಸಾಗಿಸಿದ್ದರು.

ನಮ್ಮ ಶಾಸ್ತ್ರ ಎಲ್ಲಿ ದಾರಿ ತಪ್ಪಿತು ಎಂಬುದು ನನಗೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದಿರು ಸಂಸ್ಕರಣೆಯ ಯಾವ ಪಠ್ಯಪುಸ್ತಕವನ್ನಾದರೂ ತೆರೆಯಿರಿ. ಅರೆಯುವುದು, ಜರಡಿ ಹಿಡಿಯುವುದು, ತೇಲಿಸುವುದು, ಎಲ್ಲಕ್ಕೂ ಅಧ್ಯಾಯದ ಮೇಲೆ ಅಧ್ಯಾಯ. ಟೇಲಿಂಗ್ಸ್‌ಗೆ, ಅಂದರೆ ಉಳಿಕೆಗೆ, ಕೊನೆಯಲ್ಲಿ ಒಂದು ಅಧ್ಯಾಯ, ಪರೀಕ್ಷೆಗೆ ಬರುವುದಿಲ್ಲವೆಂದು ಮೇಷ್ಟ್ರು ಬಿಟ್ಟುಬಿಡುವ ಅಧ್ಯಾಯ. ಅದಿರಿನಲ್ಲಿದ್ದುದರ ಎಷ್ಟು ಪಾಲು ಕೈಗೆ ಸಿಕ್ಕಿತು ಎಂಬ ರಿಕವರಿಯ ಒಂದೇ ಅಂಕಿಯಿಂದ ನಾವು ಎಂಜಿನಿಯರನ್ನು ಅಳೆದೆವು. ರಿಕವರಿ ಏರಬೇಕಾದರೆ ನುಣ್ಣಗೆ ಅರೆಯಬೇಕು. ನುಣ್ಣಗೆ ಅರೆದಷ್ಟೂ ಉಳಿಕೆಯ ಕಣ ಸಣ್ಣದಾಗುತ್ತದೆ, ಸಣ್ಣದಾದಷ್ಟೂ ನೀರನ್ನು ಬಿಡುವುದಿಲ್ಲ. ಒಂದು ತುದಿಯಲ್ಲಿ ನಾವು ಪಡೆದ ಯಶಸ್ಸು ಇನ್ನೊಂದು ತುದಿಯ ಕಷ್ಟವನ್ನು ಹೆಚ್ಚಿಸುತ್ತಲೇ ಬಂದಿದೆ.

ಈ ಭಾಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆ ಹೊಯ್ದ ಎರೆಹೊಲದಲ್ಲಿ ಕಾಲಿಟ್ಟವರಿಗೆ ಗೊತ್ತು. ಮಸಾರಿ ಹೊಲ ಮರುದಿನವೇ ಹರಗಲು ಬರುತ್ತದೆ, ಎರೆಹೊಲ ವಾರವಾದರೂ ಎತ್ತನ್ನು ಒಳಗೆ ಬಿಡುವುದಿಲ್ಲ. ಎರಡು ಮೈಕ್ರಾನಿಗಿಂತ ಸಣ್ಣ ಜೇಡಿಕಣದ ಮೈಮೇಲೆ ವಿದ್ಯುದಂಶವಿರುತ್ತದೆ. ಕಣಗಳು ಒಂದನ್ನೊಂದು ದೂಡುತ್ತವೆ, ನಡುವೆ ನೀರು ಸಿಕ್ಕಿಹಾಕಿಕೊಳ್ಳುತ್ತದೆ. ಆಲ್ಬರ್ಟಾದಲ್ಲಿ ಬಿಟುಮೆನ್ ಬಿಡಿಸಲು ಹಾಕುವ ಕಾಸ್ಟಿಕ್ ಸೋಡಾ ಈ ದೂಡಾಟವನ್ನು ಇನ್ನಷ್ಟು ಬಲಪಡಿಸುತ್ತದೆ. ನಮ್ಮ ಸಂಡೂರಿನ ಸ್ಲೈಮಿನಲ್ಲಿ ಸೋಡಾ ಇಲ್ಲ. ಕೆಯೋಲಿನೈಟ್, ಗಿಬ್ಸೈಟ್, ಗೋಥೈಟ್‌ಗಳ ನುಣುಪು ಇದೆ.

ನನ್ನ ಪ್ರಯೋಗಾಲಯದ ಕಿಟಕಿಯಲ್ಲಿ ಒಂದು ಲೀಟರಿನ ಗಾಜಿನ ಅಳತೆಜಾಡಿಯಲ್ಲಿ ಅಂಥ ಸ್ಲೈಮ್ ತುಂಬಿಟ್ಟಿದ್ದೆ. ಮೊದಲ ದಿನ ಕೆಸರಿನ ಗೆರೆ ಕಣ್ಣೆದುರೇ ಇಳಿಯುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಓಟ ನಿಂತಿತು. ಆಮೇಲೆ ಒಂದೊಂದು ಬ್ಯಾಚಿನ ವಿದ್ಯಾರ್ಥಿಗಳೂ ಗಾಜಿನ ಮೇಲೆ ಪೆನ್ಸಿಲಿನಿಂದ ತಮ್ಮ ವರ್ಷದ ಗುರುತು ಹಾಕಿ ಹೋದರು. ಗುರುತುಗಳು ಒಂದರ ಮೇಲೊಂದು ಕೂತು ಕೊನೆಗೆ ದಪ್ಪನೆಯ ಒಂದು ಬರೆಯಾದವು. ಜಾಡಿಯ ಎತ್ತರ ಹೆಚ್ಚೆಂದರೆ ಒಂದು ಮೊಳ. ಕಟ್ಟೆಯ ಆಳ ಹತ್ತಾರು ಮೀಟರ್. ಜಾಡಿಯ ಅಂಕಿಯಿಂದ ಕಟ್ಟೆಯ ವರ್ಷಗಳನ್ನು ಹೇಳುವ ಸೂತ್ರಗಳಿವೆ. ಕಟ್ಟೆಯನ್ನು ಕೊರೆದು ಅವು ಸರಿಯೇ ಎಂದು ನೋಡುವ ಕೆಲಸಕ್ಕೆ ನಮ್ಮಲ್ಲಿ ಯೋಜನೆಯ ಹಣ ಸಿಗುವುದು ಅಪರೂಪ.

ಮೂರು ಗಣಿಗಳ ಮಾತು ಹೇಳಿ ಮುಂದೆ ಹೋಗುತ್ತೇನೆ. ಕುದುರೆಮುಖದಲ್ಲಿ ಸುಮಾರು ಮೂರು ಟನ್ ಮ್ಯಾಗ್ನೆಟೈಟ್ ಅದಿರು ಅರೆದರೆ ಒಂದು ಟನ್ ಸಾರ. ಆ ಸಾರ ನೀರಿನೊಡನೆ 67 ಕಿ.ಮೀ. ಪೈಪಿನಲ್ಲಿ ಹರಿದು ಮಂಗಳೂರು ಸೇರುತ್ತಿತ್ತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದೊಂದು ಅದ್ಭುತ, ಲಾರಿಯೂ ಇಲ್ಲ, ದೂಳೂ ಇಲ್ಲ. ಉಳಿದ ಎರಡು ಟನ್ ಭದ್ರೆಯ ಉಪನದಿ ಲಕ್ಯಾಕ್ಕೆ ಅಡ್ಡವಾಗಿ ಕಟ್ಟಿದ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಹೋಯಿತು. 2002ರ ಅಕ್ಟೋಬರ್ 30ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಆ ಹೋರಾಟದಲ್ಲಿ ದುಡಿದವರನ್ನು ನಾನು ಗೌರವಿಸುತ್ತೇನೆ. ಆದರೆ ವರ್ಷಕ್ಕೆ 6000 ಮಿ.ಮೀ. ಆಸುಪಾಸು ಮಳೆ ಸುರಿಯುವ ಆ ಕಣಿವೆಯಲ್ಲಿ ಲಕ್ಯಾ ಅಣೆಕಟ್ಟು ಪ್ರತಿ ಮಳೆಗಾಲವೂ ಕಾವಲು ಬೇಡುತ್ತದೆ. ನನ್ನ ಮಟ್ಟಿಗೆ ಆ ಗಣಿ ಇನ್ನೂ ಮುಚ್ಚಿಲ್ಲ.

ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ತದ್ವಿರುದ್ಧ. ಅಲ್ಲಿಯ 13 ದಿಬ್ಬಗಳು, ಊರವರು ಸೈನೈಡ್ ಗುಡ್ಡ ಎನ್ನುವ ಮೂರು ಕೋಟಿ ಟನ್ನಿಗೂ ಮೀರಿದ ಆ ಉಳಿಕೆ, ಎಂದೋ ನೀರು ಬಿಟ್ಟಿದೆ. ದನ ಅಡ್ಡಾಡಬಹುದು, ಸಿನಿಮಾ ಶೂಟಿಂಗೂ ಆಗುತ್ತದೆ. ಆದರೆ ಬೇಸಿಗೆಯ ಗಾಳಿ ಎದ್ದರೆ ಗುಡ್ಡವೇ ಎದ್ದು ಮನೆಗಳಿಗೆ ಬರುತ್ತದೆ. ಗಣಿ 2001ರ ಫೆಬ್ರುವರಿ 28ರಂದು ನಿಂತಿತು. ಆ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿದೆ. ತೆಗೆಯಲಿ, ನನ್ನ ಅಭ್ಯಂತರವಿಲ್ಲ. ಚಿನ್ನ ತೆಗೆಯಲು ಮತ್ತೆ ಕಲಕಿದ ಮೇಲೆ ಆ ಮೂರು ಕೋಟಿ ಟನ್ ಎಲ್ಲಿ, ಯಾವ ರೂಪದಲ್ಲಿ ಕೂರಲಿದೆ ಎಂಬುದನ್ನು ಟೆಂಡರಿನ ಮೊದಲ ಪುಟದಲ್ಲಿ ಬರೆಯಲಿ.

ಇನ್ನು ಸಂಡೂರು. 2011ರ ನಂತರ ಕೋರ್ಟಿನ ಕಣ್ಗಾವಲಿನಲ್ಲಿ ಡೆಹರಾಡೂನಿನ ಅರಣ್ಯ ಸಂಶೋಧನಾ ಮಂಡಳಿ ಐಸಿಎಫ್‌ಆರ್‌ಇ ಸಿದ್ಧಪಡಿಸಿದ ಪುನರುಜ್ಜೀವನ ಯೋಜನೆಗಳು ಗುಡ್ಡದ ಮೈಯನ್ನು ಬಹಳಷ್ಟು ಸುಧಾರಿಸಿವೆ. ಚೆಕ್‌ಡ್ಯಾಂ ಬಂದವು, ಡಂಪುಗಳಿಗೆ ಮೆಟ್ಟಿಲು ಬಂದವು, ಮಣ್ಣು ಹಳ್ಳಕ್ಕಿಳಿಯುವುದು ತಗ್ಗಿತು. ಅದೇ ಹೊತ್ತಿಗೆ ಒಳ್ಳೆಯ ಅದಿರು ಕರಗುತ್ತ ಬಂದಿದೆ. ಶೇಕಡಾ 45ರಷ್ಟು ಕಬ್ಬಿಣವಿದ್ದರೂ ಬಿಸಾಡಬಾರದೆಂದು ಇಂಡಿಯನ್ ಬ್ಯೂರೋ ಆಫ್ ಮೈನ್ಸ್ ಮಿತಿ ಹಾಕಿದೆ. 2030ರ ಹೊತ್ತಿಗೆ ದೇಶಕ್ಕೆ 30 ಕೋಟಿ ಟನ್ ಉಕ್ಕಿನ ಸಾಮರ್ಥ್ಯ ಬೇಕೆಂದು 2017ರ ಉಕ್ಕು ನೀತಿ ಹೇಳಿದೆ. ಕೀಳು ದರ್ಜೆಯ ಅದಿರನ್ನು ತೊಳೆದು ಬಳಸುವುದನ್ನು ನಾವೆಲ್ಲ ಸ್ವಚ್ಛ ತಂತ್ರಜ್ಞಾನದ ಪಟ್ಟಿಗೆ ಸೇರಿಸಿದ್ದೇವೆ. ಸಂಪನ್ಮೂಲ ಉಳಿಯುತ್ತದೆ ಎಂಬ ಅರ್ಥದಲ್ಲಿ ಅದು ಸರಿ. ಆದರೆ ತೊಳೆದ ಪ್ರತಿ ಟನ್ನಿಗೂ ಸ್ಲೈಮ್ ಹುಟ್ಟುತ್ತದೆ. ಮುಂದಿನ ದಶಕದಲ್ಲಿ ಸಂಡೂರು ಕಣಿವೆಗೆ ಹಿಂದೆಂದೂ ಇಲ್ಲದಷ್ಟು ಸ್ಲೈಮ್ ಬರಲಿದೆ, ಅದನ್ನು ತರುವುದು ನಮ್ಮ ಪರಿಸರಸ್ನೇಹಿ ತಂತ್ರಜ್ಞಾನವೇ.

ಇಂಥ ಕೆಸರಿನ ಅಪಾಯಕ್ಕೆ ಸಾಕ್ಷಿಯಾದ ಬ್ರೆಜಿಲಿನ ಬ್ರುಮಾಡಿನ್ಯೊ ಇಲ್ಲಿರುವ ಯಾರಿಗೂ ಮರೆತಿರಲಾರದು. 2019ರ ಜನವರಿ 25ರಂದು ಕುಸಿದದ್ದು ಕಬ್ಬಿಣದ ಅದಿರಿನದೇ ಕೆಸರುಕಟ್ಟೆ, ಸತ್ತವರು 270 ಮಂದಿ. ಕುಸಿಯುವ ಕೆಲ ವರ್ಷ ಮೊದಲೇ ಅದಕ್ಕೆ ಹೊಸ ಕೆಸರು ಹಾಕುವುದನ್ನು ನಿಲ್ಲಿಸಲಾಗಿತ್ತು. ಒಳಗಿನ ನೀರು ಮಾತ್ರ ಹೋಗಿರಲಿಲ್ಲ.

ಪರಿಹಾರವಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಇದೆ. ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ, ಹೆಂಟೆಯಷ್ಟು ಗಟ್ಟಿಯಾದ ಉಳಿಕೆಯನ್ನು ಪದರ ಪದರವಾಗಿ ಒತ್ತಿ ಪೇರಿಸುವುದು. ದುಬಾರಿ, ವಿದ್ಯುತ್ ತಿನ್ನುತ್ತದೆ, ಸೋಸುವ ಬಟ್ಟೆ ಕಟ್ಟಿಕೊಳ್ಳುತ್ತದೆ, ವಾಲ್ವು ಸವೆಯುತ್ತದೆ. ಸಂಡೂರಿನಂಥ ಕಡಿಮೆ ಮಳೆಯ ಕಡೆ ಇದು ನಡೆದೀತು, ಕುದುರೆಮುಖದ ಮಳೆಯಲ್ಲಿ ಅಷ್ಟು ಸುಲಭವಲ್ಲ. ಮರುಭೂಮಿಯ ಗಣಿಗಳಲ್ಲಿ ಗೆದ್ದ ವಿಧಾನವನ್ನು ನಕಲು ಮಾಡಿದರೆ ಸಾಲದು, ನಮ್ಮ ಮಣ್ಣು ಮತ್ತು ನಮ್ಮ ಮುಂಗಾರಿಗೆ ತಕ್ಕ ಲೆಕ್ಕವನ್ನು ನಾವೇ ಹಾಕಬೇಕು. ಸ್ಲೈಮಿಗೆ ಸವೆಯದ ವಾಲ್ವು ಬೇಕೆಂದರೆ, ಈ ರಸ್ತೆಯ ಶೆಡ್ಡುಗಳಲ್ಲಿ ಅದನ್ನು ಮಾಡಬಲ್ಲ ಫಿಟ್ಟರುಗಳಿದ್ದಾರೆ. ಅವರನ್ನು ಈ ಸಂಕಿರಣಕ್ಕೆ ಕರೆದ ಸಂಘಟಕರಿಗೆ ನನ್ನ ವಿಶೇಷ ವಂದನೆ. ದಯವಿಟ್ಟು ಚಹಾದ ವೇಳೆಯಲ್ಲಿ ಪ್ರಾಧ್ಯಾಪಕರು ಪ್ರಾಧ್ಯಾಪಕರೊಡನೆಯೇ ನಿಲ್ಲಬೇಡಿ.

ನನ್ನ ಕೋರಿಕೆ ಎರಡು. ಮೊದಲನೆಯದು, ಗಣಿ ಯೋಜನೆಯನ್ನು ಉಳಿಕೆಯಿಂದ ಹಿಂದಕ್ಕೆ ಬರೆಯೋಣ. ಈ ಅದಿರಿನ ಕೆಸರು ಎಷ್ಟು ವರ್ಷಕ್ಕೆ ಭಾರ ಹೊರುವ ನೆಲವಾಗುತ್ತದೆ ಎಂಬ ಅಂಕಿ ಮೊದಲು ಸಿಗಲಿ, ಎಷ್ಟು ನುಣ್ಣಗೆ ಅರೆಯಬೇಕೆಂಬುದು ಅದರ ಮೇಲೆ ನಿರ್ಧಾರವಾಗಲಿ. ರಿಕವರಿಯಲ್ಲಿ ಒಂದೆರಡು ಶೇಕಡಾ ಬಿಟ್ಟುಕೊಡಬೇಕಾದರೆ ಬಿಟ್ಟುಕೊಡೋಣ. ಎರಡನೆಯದು, ಹಳೆಯ ಕಟ್ಟೆಗಳನ್ನು ಕೊರೆದು ನೋಡೋಣ. ಲಕ್ಯಾದಲ್ಲಿ, ಸಂಡೂರಿನ ಕಟ್ಟೆಗಳಲ್ಲಿ, ಮೇಲಿನಿಂದ ತಳದವರೆಗೆ ಪ್ರತಿ ಮೀಟರಿಗೆ ಒಂದು ಮಾದರಿ ತೆಗೆದು ಅದರ ನೀರಿನಂಶ ಅಳೆದು, ಯಾರು ಬೇಕಾದರೂ ನೋಡುವಂತೆ ಪ್ರಕಟಿಸೋಣ. ಕಂಪನಿ, ಅರಣ್ಯ ಇಲಾಖೆ, ವಿಶ್ವವಿದ್ಯಾಲಯ ಮೂವರೂ ಒಪ್ಪಿದರೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ಮೂವರ ಕಡೆಯವರೂ ಈ ಕೋಣೆಯಲ್ಲಿದ್ದೀರಿ.

ಮಧ್ಯಾಹ್ನದ ಗೋಷ್ಠಿಯಲ್ಲಿ ಥಿಕ್ನರ್ ಕುರಿತ ಪ್ರಬಂಧಗಳಿವೆ. ಮಂಡಿಸುವವರು ಥಿಕ್ನರಿನಿಂದ ಹೊರಬಿದ್ದ ಕೆಸರಿನ ಘನಾಂಶವನ್ನು ಹೇಗೂ ಹೇಳುತ್ತೀರಿ. ಒಂದು ವರ್ಷದ ನಂತರ ಅದೇ ಕೆಸರಿನ ಘನಾಂಶ ಎಷ್ಟಿತ್ತು ಎಂಬುದನ್ನೂ, ಅಳೆದಿದ್ದರೆ, ಹೇಳಿ. ಅಳೆದಿಲ್ಲವಾದರೆ ಯಾರು ಅಳೆಯುತ್ತೀರಿ ಎಂದು ಗೋಷ್ಠಿಯ ಅಧ್ಯಕ್ಷರು ಅಲ್ಲೇ ಹೆಸರು ಬರೆದುಕೊಳ್ಳಲಿ.