ಮುದ್ರಿಕೆಯಲ್ಲಿ ಉಳಿದ ಹೆಸರುಗಳು



ಜನಪದ ಸಂಗೀತದಲ್ಲಿ ಮಟ್ಟು ಉಳಿಯುತ್ತದೆ, ಅದನ್ನು ಉಳಿಸಿಕೊಟ್ಟವರ ಹೆಸರು ಮರೆತುಹೋಗುತ್ತದೆ. ಅದರಲ್ಲೂ ಹೆಣ್ಣುಮಕ್ಕಳ ಹೆಸರು ಮೊದಲು ಮರೆಯಾಗುತ್ತದೆ. ಆ ಮರೆವನ್ನು ಧ್ವನಿಮುದ್ರಿಕೆಗಳು ಹೇಗೆ ತಡೆದವು ಎಂಬುದನ್ನು ಹೇಳುವ ಒಂದು ಕಥೆ ಐರಿಷ್ ಸಂಗೀತದಲ್ಲಿದೆ. ಅದು ‘ಚೆರಿಷ್ ದ ಲೇಡೀಸ್’ ಎಂಬ ಮಹಿಳಾ ವಾದ್ಯವೃಂದದ ಕಥೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1916ರ ನ್ಯೂಯಾರ್ಕ್. ಅಲ್ಲಿ ಎಲೆನ್ ಒ’ಬರ್ನ್ ಡಿವಿಟ್ ಎಂಬ ಐರಿಷ್ ಮಹಿಳೆ ಅಂಗಡಿ ನಡೆಸುತ್ತಿದ್ದರು. ಬರುವ ಗಿರಾಕಿಗಳು ತಮ್ಮ ಊರಿನ ಕುಣಿತದ ಸಂಗೀತದ ಗ್ರಾಮಫೋನ್ ತಟ್ಟೆಗಳನ್ನು ಕೇಳುತ್ತಿದ್ದರು. ಕೊಡೋಣವೆಂದರೆ ಅಂಥ ತಟ್ಟೆ ಇರಲಿಲ್ಲ. ಆಕೆ ಕೊಲಂಬಿಯಾ ಕಂಪನಿಯವರ ಬೆನ್ನುಬಿದ್ದರು. ನೀವು ಮುದ್ರಿಸಿ, 500 ಪ್ರತಿ ನಾನೇ ಕೊಳ್ಳುತ್ತೇನೆ ಎಂದು ಮಾತು ಕೊಟ್ಟರು. ವಾದ್ಯಗಾರರನ್ನು ಹುಡುಕಿ ತರಲು ಮಗನನ್ನು ಕಳಿಸಿದರು. ಹೀಗೆ ಎಡ್ಡಿ ಹರ್ಬರ್ನ್ ಅವರ ಅಕಾರ್ಡಿಯನ್, ಜೇಮ್ಸ್ ವೀಲರ್ ಅವರ ಬ್ಯಾಂಜೊ ತಟ್ಟೆಗೆ ಬಂದವು. ಅವು ಬಿಸಿಬಿಸಿಯಾಗಿ ಮಾರಾಟವಾದವು. ಐರಿಷ್ ಸಂಗೀತಕ್ಕೆ ಅಮೆರಿಕದಲ್ಲಿ ಮಾರುಕಟ್ಟೆ ಇದೆಯೆಂದು ಕಂಪನಿಗಳಿಗೆ ಮನವರಿಕೆಯಾಯಿತು. ಮುಂದೆ 1920ರ ದಶಕದಲ್ಲಿ ಸ್ಲೈಗೋ ಸೀಮೆಯ ಮೈಕೆಲ್ ಕೋಲ್‌ಮನ್ ಅವರ ಪಿಟೀಲಿನ ತಟ್ಟೆಗಳು ಸಮುದ್ರ ದಾಟಿ ಐರ್ಲೆಂಡಿಗೇ ಹೋಗಿ, ಅಲ್ಲಿನವರ ನುಡಿಸಾಣಿಕೆಯನ್ನೇ ತಿದ್ದಿದವು.

ಬಾಗಿಲು ತೆರೆಸಿದವಳು ಹೆಣ್ಣು, ಒಳಗೆ ಹೋದವರು ಬಹುಪಾಲು ಗಂಡಸರು. ಹೆಂಗಸರು ನುಡಿಸುತ್ತಿರಲಿಲ್ಲವೆಂದಲ್ಲ. ಕ್ಲೇರ್ ಸೀಮೆಯ ಕಿಲ್‌ರಷ್ ಪಟ್ಟಣದಲ್ಲಿ ಪಬ್ ನಡೆಸುತ್ತಿದ್ದ ಎಲಿಜಬೆತ್ ಕ್ರಾಟಿ ಕಾನ್ಸರ್ಟೀನಾ ಎಂಬ ವಾದ್ಯ ನುಡಿಸುವುದರಲ್ಲಿ ಎತ್ತಿದ ಕೈ. 1950ರ ದಶಕದಲ್ಲಿ ಐರ್ಲೆಂಡಿನ ಬಾನುಲಿಯ ಕಿಯರನ್ ಮಕ್ ಮಹೂನಾ ಆಕೆಯ ವಾದನವನ್ನು ಧ್ವನಿಮುದ್ರಿಸಿ ಬಿತ್ತರಿಸಿದ ಮೇಲೆಯೇ ದೇಶ ಆಕೆಯನ್ನು ಅರಿತದ್ದು. ಆಗ ಆಕೆಗೆ ಅರವತ್ತು ದಾಟಿತ್ತು.

ಇನ್ನು ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬರೋಣ. ವಲಸೆ ಬಂದ ಐರಿಷ್ ವಾದ್ಯಗಾರರು ಹಗಲು ದುಡಿದು, ಸಂಜೆ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಗಾಲ್ವೇ ಮೂಲದ ಜ್ಯಾಕ್ ಕೋಯೆನ್ ಬಳಿ ಕೊಳಲು ಕಲಿತವರಲ್ಲಿ ಜೋನಿ ಮ್ಯಾಡನ್ ಒಬ್ಬರು. ಅವರ ತಂದೆ ಜೋ ಮ್ಯಾಡನ್ ಅಕಾರ್ಡಿಯನ್ ವಾದಕರು. ಮಾರ್ಟಿನ್ ಮಲ್ವಿಹಿಲ್ ಬಳಿ ಪಿಟೀಲು ಕಲಿತವರು ಐಲೀನ್ ಐವರ್ಸ್. 1984ರಲ್ಲಿ ಜೋನಿ ಐರ್ಲೆಂಡಿಗೆ ಹೋಗಿ ಟಿನ್ ವಿಸಲ್‌ನಲ್ಲಿ ಹಿರಿಯರ ವಿಭಾಗದ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಆ ವಿಭಾಗದಲ್ಲಿ ಗೆದ್ದ ಮೊದಲ ಅಮೆರಿಕನ್ ಅವರೇ. ಟಿನ್ ವಿಸಲ್ ಎಂದರೆ ಆರು ರಂಧ್ರಗಳ, ಅಗ್ಗದ ತಗಡಿನ ಕೊಳಲು.

ಅಮೆರಿಕದಲ್ಲಿ ಈ ಸಂಗೀತದ ಹೊಸ ಪೀಳಿಗೆಯಲ್ಲಿ ಹುಡುಗಿಯರೇ ಮುಂದಿದ್ದಾರೆಂಬುದನ್ನು ಲಿಮರಿಕ್ ಮೂಲದ ಜಾನಪದ ವಿದ್ವಾಂಸ ಮಿಕ್ ಮೊಲೋನಿ ಗಮನಿಸಿದರು. ಅವರನ್ನೆಲ್ಲ ಕಲೆಹಾಕಿ 1985ರ ಆರಂಭದಲ್ಲಿ ಕಛೇರಿಗಳ ಸರಣಿ ನಡೆಸಿದರು. ‘ಚೆರಿಷ್ ದ ಲೇಡೀಸ್’ ಎಂಬ ಹಳೆಯ ಜಿಗ್ ಮಟ್ಟಿನ ಹೆಸರನ್ನೇ ವೃಂದಕ್ಕೂ ಇಟ್ಟರು. ಅದೇ ವರ್ಷ ಶಾನಕೀ ಕಂಪನಿಯಿಂದ ಅಮೆರಿಕದ ಐರಿಷ್ ಮಹಿಳಾ ವಾದಕರ ಮುದ್ರಿಕೆ ಹೊರಬಂತು. ಬೆನ್ನಿಗೇ ತಂದೆಯರ ಮತ್ತು ಅವರ ಹೆಣ್ಣುಮಕ್ಕಳ ಇನ್ನೊಂದು ಮುದ್ರಿಕೆಯೂ ಬಂತು. ಹೀಗೆ ಪಾಠ ಹೇಳಿದ ತಲೆಮಾರು ಮತ್ತು ಕಲಿತ ತಲೆಮಾರು ಎರಡೂ ದಾಖಲೆಗೆ ಸೇರಿದವು.

ಈ ವೃಂದದ ನುಡಿಕೆಯನ್ನು ಹೀಗೆ ಕೇಳಬಹುದು. ಜಿಗ್ ಎಂದರೆ ಮೂರು ಮೂರರ ಗತಿ, ನಮ್ಮ ತಿಶ್ರ ನಡೆಯನ್ನು ಹೋಲುವಂಥದ್ದು. ಮಟ್ಟಿನ ಒಂದೊಂದು ಭಾಗವನ್ನೂ ಎರಡು ಸಲ ನುಡಿಸುತ್ತಾರೆ. ಮಟ್ಟು ಮುಗಿಯುತ್ತಿದ್ದಂತೆ ಉಸಿರು ಬಿಡುವಷ್ಟೂ ಬಿಡುವಿಲ್ಲದೆ ಇನ್ನೊಂದಕ್ಕೆ ಜಿಗಿಯುತ್ತಾರೆ. ಕೊಳಲು, ಪಿಟೀಲು, ಅಕಾರ್ಡಿಯನ್ ಮೂರೂ ಒಂದೇ ಮಟ್ಟನ್ನು ಹಿಡಿದರೂ ಒಬ್ಬೊಬ್ಬರ ಗಮಕ ಬೇರೆ. ಮೇರಿ ಕೂಗನ್ ಅವರ ಗಿಟಾರ್ ಅಡಿಯಲ್ಲಿ ನಿಂತು ಲಯವನ್ನು ಹಿಡಿದಿಡುತ್ತದೆ.

1992ರಲ್ಲಿ ಗ್ರೀನ್ ಲಿನೆಟ್ ಕಂಪನಿಯಿಂದ ‘ದ ಬ್ಯಾಕ್ ಡೋರ್’ ಬಂತು. ಕಾಗದಪತ್ರವಿಲ್ಲದೆ ಅಮೆರಿಕ ಸೇರಿದ ಐರಿಷ್ ಯುವಜನರ ಪಾಡನ್ನು ಹೇಳುವ ಅದರ ಶೀರ್ಷಿಕೆ ಗೀತೆಯನ್ನು ವೃಂದದ ಗಾಯಕಿ ಕ್ಯಾಥಿ ರಯನ್ ರಚಿಸಿದ್ದರು. ಹಳೆಯ ಮಟ್ಟುಗಳ ಜೊತೆಗೆ ತಮ್ಮ ಕಾಲದ ಸಂಕಟವನ್ನೂ ಹಾಡಬಲ್ಲೆವೆಂದು ತೋರಿಸಿದ ಮುದ್ರಿಕೆ ಅದು. 1993ರಲ್ಲಿ ‘ಔಟ್ ಅಂಡ್ ಅಬೌಟ್’, 2004ರಲ್ಲಿ ಕ್ರಿಸ್‌ಮಸ್ ಗೀತೆಗಳು, 2011ರಲ್ಲಿ ನ್ಯಾಶ್‌ವಿಲ್‌ನ ಮುದ್ರಣ, 2018ರಲ್ಲಿ ‘ಹಾರ್ಟ್ ಆಫ್ ದ ಹೋಮ್’ ಹೀಗೆ ಸಾಲು ಬೆಳೆಯಿತು. ಸದಸ್ಯೆಯರು ಬದಲಾದರು, ಆದರೆ ಹೋದವರು ಬೇರೆ ಕಡೆ ಬೆಳಗಿದರು. ಐಲೀನ್ ಐವರ್ಸ್ ‘ರಿವರ್‌ಡ್ಯಾನ್ಸ್’ ನೃತ್ಯಪ್ರದರ್ಶನದ ಪಿಟೀಲು ವಾದಕಿಯಾದರು, ವಿನಿಫ್ರೆಡ್ ಹೊರನ್ ‘ಸೋಲಸ್’ ತಂಡ ಕಟ್ಟಿದವರಲ್ಲಿ ಒಬ್ಬರಾದರು. ಜೋನಿ ಮ್ಯಾಡನ್ ಅವರಿಗೆ 2021ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಫೆಲೋಷಿಪ್ ಸಂದಿತು.

ಇವರಿಗೆ ಪಾಠ ಹೇಳಿದ ಗುರುಗಳು ಬಹುಪಾಲು ಗಂಡಸರು. ಮಕ್ಕಳಲ್ಲಿ ಭೇದವೆಣಿಸದೆ ಕಲಿಸಿದ ಅವರ ದೊಡ್ಡತನವನ್ನೂ ನೆನೆಯಬೇಕು. ಆದರೆ ಕಲಿತ ವಿದ್ಯೆ ಮನೆಯೊಳಗೇ ಉಳಿಯದೆ, ನುಡಿಸಿದವಳ ಹೆಸರಿನೊಡನೆ ಮುದ್ರಿಕೆಯಾದದ್ದರಿಂದಲೇ ಅದು ಮುಂದಿನವರ ಪಾಲಿಗೆ ಪಾಠವಾಯಿತು. ಇಂದು ತಗಡಿನ ಕೊಳಲು ಹಿಡಿಯುವ ಹುಡುಗಿಗೆ ಕೇಳಿ ಕಲಿಯಲು ಹೆಣ್ಣುಮಕ್ಕಳದೇ ದೊಡ್ಡ ಸಂಗ್ರಹವಿದೆ, ಯಾರಿಂದ ಕಲಿತೆನೆಂದು ಹೇಳಲು ಹೆಸರುಗಳೂ ಇವೆ.