ತಪಾಸಣೆಯೂ ಮರ್ಯಾದೆಯೂ



ಭದ್ರತೆಯ ಬೆಲೆಯನ್ನು ನಮ್ಮ ಬೆಟ್ಟದ ಸೀಮೆಗೆ ಯಾರೂ ಬೋಧಿಸಬೇಕಾಗಿಲ್ಲ. 2000ದ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ತಂಡ ಅಪಹರಿಸಿದ ಡಾ. ರಾಜ್‌ಕುಮಾರ್ ಅವರು ಬಿಡುಗಡೆಯಾದುದು 108 ದಿನಗಳ ಬಳಿಕ. ಆ ಕಾಲದಲ್ಲೇ ಘಟ್ಟದ ಚೆಕ್‌ಪೋಸ್ಟೊಂದರಲ್ಲಿ ಬಸ್ಸಿನಿಂದ ಇಳಿಸಿ, ನನ್ನ ಚೀಲವನ್ನು ಎಲ್ಲರೆದುರು ರಸ್ತೆಗೆ ಸುರಿದರು. ಪುಸ್ತಕಗಳೊಡನೆ ಒಳಉಡುಪುಗಳೂ ಬಿದ್ದವು. ತಪಾಸಣೆ ಅಗತ್ಯವಾಗಿತ್ತು, ಆ ಅವಮಾನ ಅಗತ್ಯವಾಗಿರಲಿಲ್ಲ.

ಈಚೆಗೆ ವಿಮಾನ ನಿಲ್ದಾಣದಲ್ಲಿ ಮಹಿಳಾ ಸಿಬ್ಬಂದಿಯೊಬ್ಬರು ಪರದೆಯ ಮರೆಯಲ್ಲಿ ನನ್ನ ತಪಾಸಣೆ ಮಾಡಿದರು. ಭದ್ರತೆಗೆ ಕೊರತೆಯಾಗಲಿಲ್ಲ, ಮರ್ಯಾದೆಗೂ ಕುಂದು ಬರಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕಿಗೆ ಮಿತಿ ಹಾಕಬಹುದು. ಆದರೆ ಕಾನೂನಿನ ಆಧಾರದಲ್ಲಿ, ಅಗತ್ಯವಿದ್ದಷ್ಟು ಮಾತ್ರ.

ಕಳೆದ ವರ್ಷ ತರಗತಿಯೊಂದರಲ್ಲಿ ಹಣ ಕಾಣೆಯಾದಾಗ, ಮಕ್ಕಳ ಚೀಲಗಳನ್ನೆಲ್ಲ ಅಲ್ಲೇ ಸುರಿಸಲು ನಾನೇ ಮುಂದಾದೆ. ಹುಡುಗಿಯೊಬ್ಬಳು ತನ್ನ ಚೀಲವನ್ನು ಎದೆಗೆ ಅವಚಿಕೊಂಡಳು. ಘಟ್ಟದ ರಸ್ತೆ ನೆನಪಾಗಿ ಕೈ ಹಿಂದೆಗೆದೆ. ಅಂದಿನಿಂದ ನಮ್ಮ ಶಾಲೆಯಲ್ಲಿ ಒಂದು ನಿಯಮವಿದೆ: ಕಾರಣ ತಿಳಿಸದೆ, ಮರೆಯಿಲ್ಲದೆ ಯಾವ ಮಗುವಿನ ಚೀಲವನ್ನೂ ತೆರೆಯಕೂಡದು. ಹೆಣ್ಣುಮಕ್ಕಳ ಚೀಲವನ್ನು ಶಿಕ್ಷಕಿಯೇ ನೋಡಬೇಕು. ಎರಡನೆಯ ಶತಮಾನಕ್ಕೆ ಕಾಲಿಡುವ ಈ ಶಾಲೆ ಆ ನಿಯಮವನ್ನು ಉಳಿಸಿಕೊಳ್ಳಲಿ.