ಅಳತೆಯ ಗಣಿತ, ಸಾಧನೆಯ ಗಣಿತ

ಥಾಣೆ, ಡೊಂಬಿವಲಿ, ಕಲ್ಯಾಣದವರಿಗೆ ಕನ್ಹೇರಿ ಗುಹೆಗಳು ದೂರವೇನಲ್ಲ. ಅಲ್ಲಿ 877ರ ಶಾಸನವೊಂದಿದೆ. ರಾಷ್ಟ್ರಕೂಟ ಅಮೋಘವರ್ಷನ ಸಾಮಂತನಾಗಿ ಶಿಲಾಹಾರ ಕಪರ್ದಿ ಕೊಂಕಣವನ್ನು ಆಳುತ್ತಿದ್ದ ಕಾಲದ್ದು. ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಹೊಗಳುವುದು ಇದೇ ಅಮೋಘವರ್ಷನನ್ನು. ಯುರೋಪಿನ ಗಣಿತಪಾಠವನ್ನು ಯೂಕ್ಲಿಡ್ ಒಬ್ಬನೇ ಬೆಳೆಸಿದ ಎಂಬ ಮಾತನ್ನು ಈ ಗ್ರಂಥದ ಪಕ್ಕದಲ್ಲಿಟ್ಟು ನೋಡಿದರೆ ಅದು ಅರ್ಧ ಸತ್ಯವೆಂದು ತಿಳಿಯುತ್ತದೆ. ಇಟಲಿಯ ವ್ಯಾಪಾರಿಗಳ ಮಕ್ಕಳು ಲೆಕ್ಕದ ಶಾಲೆಗಳಲ್ಲಿ ಕಲಿತದ್ದೂ ಈ ಗ್ರಂಥದಲ್ಲಿರುವಂಥದೇ ತ್ರೈರಾಶಿ, ಪಾಲುಗಾರಿಕೆ, ಜಮೀನಿನ ಅಳತೆ. ಅದೂ ಲ್ಯಾಟಿನ್ನಿನಲ್ಲಲ್ಲ, ಮನೆಮಾತಿನಲ್ಲಿ. 1478ರಲ್ಲಿ ಟ್ರೆವಿಸೊದಲ್ಲಿ ಅಚ್ಚಾದ ಅಂಕಗಣಿತ ಅಂಥದೇ. 1551ರಲ್ಲಿ ರಾಬರ್ಟ್ ರೆಕಾರ್ಡ್ ಇಂಗ್ಲಿಷಿನಲ್ಲಿ ರೇಖಾಗಣಿತ ಬರೆದಾಗ ಯೂಕ್ಲಿಡನ ಪ್ರಮೇಯಗಳನ್ನು ಉಳಿಸಿಕೊಂಡು ಸಾಧನೆಗಳನ್ನು ಕೈಬಿಟ್ಟ. ಕನ್ನಡದಲ್ಲಿ ಇಂಥ ಕೆಲಸ 12ನೇ ಶತಮಾನದಲ್ಲೇ ನಡೆದಿತ್ತು: ರಾಜಾದಿತ್ಯನ ‘ವ್ಯವಹಾರಗಣಿತ’ ಸೂತ್ರ ಹೇಳುತ್ತದೆ, ಉದಾಹರಣೆ ಕೊಟ್ಟು ಕಲಿಸುತ್ತದೆ.

ಸಾಧನೆ ಇಲ್ಲದ್ದು ಬರೀ ಮೇಸ್ತ್ರಿಯ ಲೆಕ್ಕ ಎಂದು ಆಕ್ಷೇಪಿಸುವವರಿದ್ದಾರೆ. ಈ ಆಕ್ಷೇಪ ಹಗುರವಾದದ್ದಲ್ಲ. ಆಯತವೃತ್ತಕ್ಕೆ, ಎಂದರೆ ಇಂದಿನ ದೀರ್ಘವೃತ್ತಕ್ಕೆ, ಮಹಾವೀರ ಸೂಕ್ಷ್ಮ ಸೂತ್ರಗಳನ್ನೇ ಕೊಟ್ಟಿದ್ದಾನೆ. ಉದ್ದ 36, ಅಗಲ 12 ಎಂದಿಟ್ಟುಕೊಳ್ಳಿ. ಅವನ ಸೂತ್ರದಂತೆ ಸುತ್ತಳತೆ ಸುಮಾರು 78, ಬರಬೇಕಾದದ್ದು 80. ಭೇಷ್ ಎನ್ನಬೇಕು. ಆದರೆ ಆ ಸುತ್ತಳತೆಯನ್ನು ಅಗಲದ ಕಾಲುಭಾಗದಿಂದ ಗುಣಿಸಿ ತೆಗೆದ ಕ್ಷೇತ್ರಫಲ ಸುಮಾರು 233, ಬರಬೇಕಾದದ್ದು 339! ವೃತ್ತಕ್ಕೆ ಒಪ್ಪುವ ನಿಯಮವನ್ನು ದೀರ್ಘವೃತ್ತಕ್ಕೂ ಎಳೆದಂತಿದೆ. ಹೀಗೇಕೆ ಎಂದು ಕೇಳುವ ಪಾಠವಿದ್ದರೆ ಈ ತಪ್ಪು ಸಿಕ್ಕಿಬೀಳುತ್ತಿತ್ತು.

ಅಷ್ಟಕ್ಕೇ ಅಳತೆಯ ಪಾಠ ಕೀಳೆಂದಾಗುವುದಿಲ್ಲ. ಪರಿಧಿ ವ್ಯಾಸದ ಮೂರು ಪಟ್ಟು ಎಂಬುದು ವ್ಯವಹಾರಕ್ಕೆ, ಹತ್ತರ ವರ್ಗಮೂಲದಷ್ಟು ಪಟ್ಟು ಎಂಬುದು ಸೂಕ್ಷ್ಮಕ್ಕೆ ಎಂದು ವಿಂಗಡಿಸಿದವನು ಕಣ್ಣುಮುಚ್ಚಿ ಸೂತ್ರ ಒಪ್ಪಿಸುವವನಲ್ಲ. ಯಾವ ಕೆಲಸಕ್ಕೆ ಎಷ್ಟು ನಿಖರತೆ ಸಾಕೆಂಬ ಎಚ್ಚರ ಅವನಿಗಿತ್ತು. ಯುರೋಪಿಗೆ ದಕ್ಕಿದ ಅನುಕೂಲವೆಂದರೆ ಒಂದು ಪಾಠದ ಹಿಂದೆಯೇ ಇನ್ನೊಂದು ಬಂದದ್ದು. ರೆಕಾರ್ಡ್ ಬಿಟ್ಟ ಸಾಧನೆಗಳನ್ನು 1570ರಲ್ಲಿ ಹೆನ್ರಿ ಬಿಲಿಂಗ್ಸ್ಲಿ ಇಂಗ್ಲಿಷಿಗೆ ತಂದ. ರೋಮಿನಲ್ಲಿ ಜೆಸ್ವಿಟರ ಕಾಲೇಜಿನ ಕ್ಲಾವಿಯಸ್ 1574ರಲ್ಲಿ ಯೂಕ್ಲಿಡನಿಗೆ ವ್ಯಾಖ್ಯಾನ ಬರೆದು ಪ್ರಕಟಿಸಿದ. ಹಾಗೆಂದು ಸಾಧನೆ ಪಶ್ಚಿಮದ ಸೊತ್ತು ಎಂದುಕೊಳ್ಳಬೇಕಿಲ್ಲ. ಅದೇ 16ನೇ ಶತಮಾನದಲ್ಲಿ ಕೇರಳದ ಜ್ಯೇಷ್ಠದೇವ, ಪರಿಧಿಯ ಅನಂತ ಶ್ರೇಣಿ ಹೇಗೆ ಹುಟ್ಟುತ್ತದೆ ಎಂಬುದನ್ನು ‘ಯುಕ್ತಿಭಾಷೆ’ಯಲ್ಲಿ ಹಂತಹಂತವಾಗಿ ಬಿಡಿಸಿಟ್ಟ, ಸಂಸ್ಕೃತದಲ್ಲಲ್ಲ, ಮಲಯಾಳದಲ್ಲಿ.